ಸ್ಮರಣಿಕೆ ಯಾರ ಸ್ಮರಣೆಗೆ?

ಪದಕ ಅಂದ ಕೂಡಲೇ ನೆನಪಾಗೋದು ಕೊರಳಿಗೆ ಹಾಕೋ ರಿಬ್ಬನ್ನು. ನಾನು ಹೇಳಹೊರಟಿರೋದು ಅದಲ್ಲ, ಅಂಗೈಯಲ್ಲಿಟ್ಟು ತಿರುಗಿಸಿ ನೋಡುವ ಕಂಚಿನ ಬಿಲ್ಲೆ. ಒಂದು ಕಡೆ ಒಬ್ಬರ ಮುಖ, ಇನ್ನೊಂದು ಕಡೆ ಅವರ ಕಥೆ. ಹದಿನೈದನೇ ಶತಮಾನದಲ್ಲಿ ಇಟಲಿಯ ಪಿಸಾನೆಲ್ಲೋ ಬೆಳೆಸಿದ ಕಲೆ ಇದು.

ಪೋಲೆಂಡಿನವರು ಇದನ್ನು ಪಿಟೀಲಿಗೂ ತಂದರು. ಹೆನ್ರಿಕ್ ವೀನ್ಯಾವ್ಸ್ಕಿ ಅಂತ ಅವರ ದೊಡ್ಡ ಪಿಟೀಲುಗಾರ. ಆತ ಹುಟ್ಟಿ ನೂರು ವರ್ಷವಾದಾಗ, 1935ರಲ್ಲಿ, ವಾರ್ಸಾದಲ್ಲಿ ಅವನ ಹೆಸರಿನ ಸ್ಪರ್ಧೆ ನಡೀತು. ಗೆದ್ದವಳು 15 ವರ್ಷದ ಜಿನೆಟ್ ನೆವೊ. ಮುಂದೆ ಜಗತ್ತೇ ಕೊಂಡಾಡಿದ ಡೇವಿಡ್ ಓಯ್‌ಸ್ಟ್ರಾಖ್ ಎರಡನೆಯವನು! ಯುದ್ಧ ಮುಗಿದ ಮೇಲೆ, 1952ರಿಂದ, ಸ್ಪರ್ಧೆ ಪೋಜ್ನಾನ್ ಊರಲ್ಲಿ ಹೆಚ್ಚುಕಡಿಮೆ ಐದು ವರ್ಷಕ್ಕೊಮ್ಮೆ ನಡೀತಾ ಬಂದಿದೆ. ಅದರ ನೆನಪಿನ ಕಂಚಿನ ಬಿಲ್ಲೆಗಳನ್ನು ಹುಡುಕಿ ಕೂಡಿಡೋರಿದ್ದಾರೆ. ಗೆದ್ದವರೇ ಆಗಬೇಕಿಲ್ಲ, ಪಿಟೀಲು ಮುಟ್ಟದವರೂ ಇಟ್ಟುಕೋಬಹುದು. ನನಗೆ ಇಷ್ಟವಾಗಿದ್ದು ಇದೇ.

ನಮ್ಮಲ್ಲೋ... ಶಾಲು, ಹಾರ, ಹಣ್ಣಿನ ಬುಟ್ಟಿ, ಕೊನೆಗೊಂದು "ಸ್ಮರಣಿಕೆ". ನಮ್ಮ ಮನೆ ಹುಡುಗಿ ಶಕ್ತಿನಗರದಿಂದ ರಾಯಚೂರಿಗೆ ಬಸ್ಸಿನಲ್ಲಿ ಪಿಟೀಲು ಹೊತ್ತು ಓಡಾಡಿ ಕಲಿತವಳು. ಒಂದು ಸ್ಪರ್ಧೆಯಲ್ಲಿ ಗೆದ್ದಳು. ಕೊಟ್ಟ ಫಲಕದಲ್ಲಿ ಪ್ರಾಯೋಜಕರ ಹೆಸರು ದಪ್ಪಕ್ಷರದಲ್ಲಿ, ಮುಖ್ಯ ಅತಿಥಿಗಳದ್ದು ಅದಕ್ಕಿಂತ ಒಂಚೂರು ಸಣ್ಣಗೆ. ಅವಳ ಹೆಸರೇ ಇಲ್ಲ, ಪಿಟೀಲಂತೂ ಇಲ್ಲವೇ ಇಲ್ಲ! ಎರಡು ಬೇಸಿಗೆಯಲ್ಲಿ ಅದರ ಚಿನ್ನದ ಬಣ್ಣ ಎದ್ದುಹೋಯ್ತು. ಉಷ್ಣ ವಿದ್ಯುತ್ ಸ್ಥಾವರದ ಊರು ನಮ್ಮದು. ಬೂದಿಯ ಧೂಳಿಗೆ ಹೊಳೆಯೋದೆಲ್ಲ ಮಂಕಾಗತ್ತೆ. ಕಂಚು ಹಾಗಲ್ಲ. ತಾಮ್ರಕ್ಕೆ ತವರ ಬೆರೆಸಿದ ಲೋಹ ಅದು. ತಗ್ಗಿನ ಭಾಗ ಕಪ್ಪಾಗತ್ತೆ, ಉಬ್ಬಿದ ಗೆರೆ ಕೈ ಸವರಿದಷ್ಟೂ ಹೊಳೆಯತ್ತೆ. ಹಳತಾದಂತೆ ಚಿತ್ರ ಇನ್ನೂ ಎದ್ದು ಕಾಣತ್ತೆ.

ಆ ಬಿಲ್ಲೆಯ ಮೇಲೆ ಯಾರಿರಬೇಕು? ನನ್ನ ಮೊದಲ ಮತ ಮೈಸೂರು ಟಿ. ಚೌಡಯ್ಯನವರಿಗೆ (1895–1967). ಮೈಕಿಲ್ಲದ ಕಾಲದಲ್ಲಿ ದನಿ ಹಿಂದಿನ ಸಾಲಿಗೂ ಮುಟ್ಟಲಿ ಅಂತ ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿ ಸೇರಿಸಿದ ಪುಣ್ಯಾತ್ಮ. ಬೆಂಗಳೂರಲ್ಲಿ 1980ರಿಂದ ಪಿಟೀಲಿನ ಆಕಾರದ್ದೇ ಚೌಡಯ್ಯ ಸ್ಮಾರಕ ಭವನ ಇದೆ, ಸಂತೋಷ. ಆದರೆ ಭವನವನ್ನು ರಾಯಚೂರಿನ ಮಗುವಿನ ಕೈಗೆ ಕೊಡೋಕಾಗಲ್ಲವಲ್ಲ! ಮೈಸೂರು ದೂರ ಅನ್ನೋರಿಗೆ ಗದುಗಿನ ಪುಟ್ಟರಾಜ ಗವಾಯಿಗಳಿದ್ದಾರೆ (1914–2010). ಹಾರ್ಮೋನಿಯಂ, ತಬಲಾದ ಜೊತೆ ಪಿಟೀಲನ್ನೂ ನುಡಿಸುತ್ತಿದ್ದವರು.

ಸರ್ಕಾರ ಮನಸ್ಸು ಮಾಡಿದರೆ ಕಷ್ಟವೇನಿಲ್ಲ. ಎಂ.ಎಸ್. ಸುಬ್ಬುಲಕ್ಷ್ಮಿಯವರ ಶತಮಾನೋತ್ಸವಕ್ಕೆ 2017ರಲ್ಲಿ ಕೇಂದ್ರ ನಾಣ್ಯವನ್ನೇ ತಂದಿತ್ತು. ಖರ್ಚು ಅಂತೀರಾ? ಅಚ್ಚು ಒಂದೇ ಸಲ ಮಾಡಿಸೋದು, ಆಮೇಲೆ ವರ್ಷ ವರ್ಷವೂ ಅದೇ. ಮುಂದೆ ಗವಾಯಿಗಳೋ ಚೌಡಯ್ಯನವರೋ. ಹಿಂದೆ ಪಿಟೀಲು, ಇಸವಿ, ಗೆದ್ದ ಮಗುವಿನ ಹೆಸರು ಕೆತ್ತೋಕೆ ಒಂದಿಷ್ಟು ಖಾಲಿ ಜಾಗ. ಪ್ರಾಯೋಜಕರ ಹೆಸರನ್ನು ಡಬ್ಬಿ ಮೇಲೆ ಹಾಕಿಸೋಣ, ಎಷ್ಟು ದಪ್ಪಕ್ಷರದಲ್ಲಾದರೂ ಸರಿ :)