ಅರಳು ಮರಳು ಎನ್ನುವ ಮುನ್ನ

‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಬೇಂದ್ರೆಯವರ ‘ಅರಳು ಮರಳು’ ಸಂಕಲನ 1958ರಲ್ಲಿ ಸಾಹಿತ್ಯ ಅಕಾಡೆಮಿಯ ಮನ್ನಣೆ ಪಡೆಯಿತು. ಆದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಎಷ್ಟೋ ಮನೆಗಳಲ್ಲಿ ಅದು ಹಿರಿಯರ ವಿಷಯದಲ್ಲಿ ಕೈತೊಳೆದುಕೊಳ್ಳುವ ಮಾತಾಗಿದೆ. ಗಾದೆ ನಿಜವೂ ಅಲ್ಲ. 2023ರಲ್ಲಿ ಪ್ರಕಟವಾದ ಅಂದಾಜಿನಂತೆ, ಭಾರತದಲ್ಲಿ ಅರವತ್ತು ದಾಟಿದ ನೂರು ಮಂದಿಯಲ್ಲಿ ಮರೆವಿನ ರೋಗವಿರುವವರು ಏಳೆಂಟು ಜನ; ಒಟ್ಟು ಸುಮಾರು 88 ಲಕ್ಷ.

ನನ್ನ ದೊಡ್ಡಪ್ಪನವರು ಆ ಏಳೆಂಟು ಜನರಲ್ಲಿ ಒಬ್ಬರು. ನಡುರಾತ್ರಿ ಎದ್ದು, ‘ಕರೆಂಟು ಬಂತೇನೋ? ಮೋಟಾರು ಹಾಕಿದೆಯೇನೋ?’ ಎನ್ನುವರು. ಇರುಳಿನ ವಿದ್ಯುತ್ತಿಗೆ ಕಾದು ತೋಟಕ್ಕೆ ನೀರು ಕಟ್ಟಿದ ಜೀವ. ಕೊಳವೆಬಾವಿ ಬತ್ತಿದ ಮೇಲೂ ಆ ಕಾವಲು ಮುಗಿದಿರಲಿಲ್ಲ. ಹಗಲೆಲ್ಲ ಜಗಲಿಯ ಮೇಲೆ ತೂಕಡಿಕೆ. ಮುದ್ದೆ ಮುರಿದವರು ಸಾರಿಗೆ ಅದ್ದಲು ಮರೆಯುವರು. ‘ಗಮನವೆಲ್ಲಿದೆ?’ ಎಂದು ಗದರಿದೆವು. ವೈದ್ಯರನ್ನು ಕೇಳದೆ ನಿದ್ದೆಯ ಮಾತ್ರೆ ಕೊಟ್ಟೆವು. ಅದರ ಮಂಪರಿನಲ್ಲಿ ಹಿತ್ತಲ ಮೆಟ್ಟಿಲು ತಪ್ಪಿ ಬಿದ್ದರು. ಆ ಪೆಟ್ಟಿಗೆ ಹೊಣೆ ನಾವೇ.

ಕನ್ನಡದ ‘ಎಚ್ಚರ’ಕ್ಕೆ ನಿದ್ದೆ ಇಲ್ಲದಿರುವುದೆಂಬ ಅರ್ಥವೂ ಉಂಟು, ಗಮನವಿರುವುದೆಂಬ ಅರ್ಥವೂ ಉಂಟು. ಇರುಳಿನ ಎಚ್ಚರ ಹಗಲಿನ ಎಚ್ಚರವನ್ನು ತಿಂದುಹಾಕುತ್ತದೆ. ಹೊತ್ತುಗೊತ್ತನ್ನು ತಿಳಿಸುವ ಮೆದುಳಿನ ಭಾಗವೂ ಈ ರೋಗದಲ್ಲಿ ಸವೆಯುವುದರಿಂದ ನಿದ್ದೆ ತುಂಡುತುಂಡಾಗುತ್ತದೆ. ದಣಿದ ಮನಸ್ಸು ಯಾವುದರಲ್ಲಿಯೂ ನೆಲೆನಿಲ್ಲದು. ಗಮನಕ್ಕೆ ಬಾರದ್ದು ನೆನಪಿನಲ್ಲಿ ಉಳಿಯುವುದೆಂತು? ಇದ್ದ ಮರೆವು ಇಮ್ಮಡಿಯಾಗಿ ಕಾಣುತ್ತದೆ. ಲೂಯಿ ಬಾಡಿ ಎಂಬ ಬಗೆಯ ರೋಗದಲ್ಲಂತೂ ಗಮನ ಗಳಿಗೆಗಳಿಗೆಗೆ ಏರಿಳಿಯುವುದೂ ಕನಸಿನಲ್ಲಿ ಕೈಕಾಲು ಬಡಿಯುವುದೂ ರೋಗದ ಗುರುತುಗಳೇ.

ಕೊನೆಗೆ ವೈದ್ಯರು ಹೇಳಿದ ದಾರಿ ಸರಳವಾಗಿತ್ತು: ಬೆಳಗಿನ ಬಿಸಿಲು, ನಡಿಗೆ, ಹಗಲು ನಿದ್ದೆಗೆ ಮಿತಿ, ಸಂಜೆಯ ಕಾಫಿಗೆ ವಿದಾಯ, ರಾತ್ರಿ ಎಬ್ಬಿಸುವ ಮಂಡಿನೋವಿಗೆ ಮದ್ದು. ರೋಗ ಹೋಗಲಿಲ್ಲ. ಆದರೆ ಚೆನ್ನಾಗಿ ಮಲಗಿದ ಮರುದಿನ ಅವರು ನಮ್ಮ ಮಾತನ್ನು ಕೊನೆಯವರೆಗೆ ಕೇಳುತ್ತಿದ್ದರು. ಅವರನ್ನು ಕಾಯುತ್ತಿದ್ದ ದೊಡ್ಡಮ್ಮನಿಗೂ ಕಣ್ಣು ಮುಚ್ಚಲು ಬಿಡುವು ದೊರೆಯಿತು.

ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರವು 45 ದಾಟಿದವರ ಮೆದುಳಿನ ಆರೋಗ್ಯವನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನ ಕೈಗೊಂಡಿದೆ. ನಮ್ಮ ನಾಲ್ಕು ತಾಲ್ಲೂಕುಗಳ ಆಸ್ಪತ್ರೆಗಳಿಂದ ನಾವು ಕೇಳುವುದು ಅಷ್ಟು ದೊಡ್ಡದೇನಲ್ಲ. ಮರೆವೆಂದು ಹಿರಿಯರನ್ನು ಕರೆತಂದಾಗ ‘ರಾತ್ರಿ ನಿದ್ದೆ ಹೇಗಿದೆ?’ ಎಂದು ವಿಚಾರಿಸಲಿ. ಮನೆಯವರೂ ಗದರುವ ಮೊದಲು ಅದೇ ಪ್ರಶ್ನೆಯನ್ನು ಕೇಳಿಕೊಳ್ಳಲಿ.