ಉತಾರದ ಹೊಸ ಅವತಾರ

ಕಿತ್ತೂರಿನ 1824ರ ಯುದ್ಧಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಕಾಗದದ ಮೇಲಿನ ಒಂದು ಸಹಿಯೂ ಸೇರಿದೆ. ದೊರೆ ಶಿವಲಿಂಗರುದ್ರಸರ್ಜನ ದತ್ತಕದ ಪತ್ರ ಧಾರವಾಡದ ಕಲೆಕ್ಟರ್ ಥ್ಯಾಕರೆಯ ಕೈಸೇರಿದಾಗ ಆ ಸಾಹೇಬನು ಸಹಿಯನ್ನೇ ಶಂಕಿಸಿದನು. ಅಕ್ಟೋಬರ್ 23ರಂದು ಅವನು ಕಿತ್ತೂರಿನಲ್ಲಿಯೇ ಹತನಾದನು. ದಾಖಲೆಯನ್ನು ನಂಬುವುದೋ ಬಿಡುವುದೋ ಎಂಬ ಪ್ರಶ್ನೆ ಎಷ್ಟು ದೂರ ಹೋಗಬಲ್ಲುದೆಂಬುದನ್ನು ನಮ್ಮ ಸೀಮೆ ಬಲ್ಲದು.

ಅದೇ ಪ್ರಶ್ನೆ ಈಗ ಬೇರೊಂದು ವೇಷದಲ್ಲಿ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ತಹಶೀಲ್ದಾರ ಕಚೇರಿಗಳಲ್ಲಿ ಕುಳಿತಿದೆ. ಕಾಗದವಿಲ್ಲದ ಕಚೇರಿ ಎಂಬ ಮಾತು ಪಟ್ಟಣದ ನೌಕರರಿಗೆ ಹೊಸತೆನಿಸೀತು. ರೈತನಾದರೋ ಅದನ್ನು ಇಪ್ಪತ್ತು ವರುಷಗಳ ಹಿಂದೆಯೇ ಕಂಡನು. 'ಭೂಮಿ' ಯೋಜನೆಯು 2002ರ ಹೊತ್ತಿಗೆ ಆಗಿನ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ಪಹಣಿಗೆ ನಮ್ಮ ಕಡೆ ಉತಾರವೆಂದು ಹೆಸರು. ಮೊದಲು ಉತಾರ ಬೇಕಾದವನು ತಲಾಟಿಯವರನ್ನು ಹುಡುಕಿಕೊಂಡು ಅಲೆಯಬೇಕಿತ್ತು; ತಲಾಟಿಯವರು ಸಂತೆಗೆ ಹೋದರೆ ಉತಾರವೂ ಸಂತೆಗೆ ಹೋದಂತೆಯೇ! ಹೊಸ ವ್ಯವಸ್ಥೆ ಬಂದಾಗ 15 ರೂಪಾಯಿಗೆ ಕಚೇರಿಯ ಕಿಟಕಿಯಲ್ಲಿಯೇ ಪ್ರತಿ ದೊರೆಯತೊಡಗಿತು. ಕೈಬರಹದ ಉತಾರಕ್ಕೆ ಮಾನ್ಯತೆ ತಪ್ಪಿತು. ದಾಖಲೆ ತಿದ್ದುವ ಸಿಬ್ಬಂದಿಯೂ ತಮ್ಮ ಬೆರಳ ಗುರುತು ಕೊಟ್ಟೇ ಯಂತ್ರದೊಳಗೆ ಪ್ರವೇಶಿಸಬೇಕಾಯಿತು. ಓದು ಬಾರದವರು ಹೆಬ್ಬೆಟ್ಟು ಒತ್ತುತ್ತಿದ್ದ ಕಚೇರಿಯಲ್ಲಿ ಓದಿದವರು ಬೆರಳೊತ್ತುವ ಕಾಲ ಬಂದುದನ್ನು ಕಂಡು ಹಳ್ಳಿಗರು ಮುಸಿಮುಸಿ ನಕ್ಕಿದ್ದರೆ ತಪ್ಪೇನು?

ಇದರ ಉಪಕಾರವನ್ನು ನಾನು ಅಲ್ಲಗಳೆಯಲಾರೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಸವದತ್ತಿ ತಾಲ್ಲೂಕಿನ ಮುನವಳ್ಳಿಗೂ ರಾಮದುರ್ಗಕ್ಕೂ ನುಗ್ಗಿತು. ನೆರೆಯ ನೀರಿಗೆ ಟ್ರಂಕಿನೊಳಗಿನ ಖರೀದಿಪತ್ರವೇನು, ಮಕ್ಕಳ ಅಂಕಪಟ್ಟಿಯೇನು? ಆದರೆ ಯಂತ್ರದಲ್ಲಿದ್ದ ಉತಾರವನ್ನು ಹೊಳೆ ಒಯ್ಯಲಾರದು.

ಸಂಕಟವಿರುವುದು ಬೇರೆಡೆ. ಯಂತ್ರಕ್ಕೆ ಏರಿದುದು ಪುಸ್ತಕದಲ್ಲಿದ್ದ ಬರಹ; ಪುಸ್ತಕದ ತಪ್ಪೂ ಅದರೊಡನೆ ಏರಿತು. ಉತಾರದಲ್ಲಿ 'ಬಸಪ್ಪ', ಆಧಾರ್ ಚೀಟಿಯಲ್ಲಿ 'ಬಸವಣ್ಣೆಪ್ಪ' ಎಂದಿದ್ದರೆ ಊರಿಗೆಲ್ಲ ಒಬ್ಬನೇ ಆಗಿರುವವನು ಯಂತ್ರದ ಕಣ್ಣಿಗೆ ಇಬ್ಬರಾಗುತ್ತಾನೆ. ತಲಾಟಿಯವರೊಡನೆ ವಾದಿಸಬಹುದಿತ್ತು, ಬೇಡಿಕೊಳ್ಳಬಹುದಿತ್ತು. 'ಸಿಸ್ಟಮ್ ತಗೊಳ್ಳೂದಿಲ್ರಿ' ಎಂಬ ಉತ್ತರದೊಡನೆ ವಾದಿಸುವುದು ಹೇಗೆ?

ಇನ್ನೂ ಹಿಂದಕ್ಕೆ ಹೋದಂತೆ ತೊಡಕು ಹೆಚ್ಚುತ್ತದೆ. ಈ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದ ಕುಲಕರ್ಣಿ ದಫ್ತರಗಳಲ್ಲಿ ಎಷ್ಟೋ ಬರಹ ಮೋಡಿ ಲಿಪಿಯಲ್ಲಿದೆ. ಕಂದಾಯ ಇಲಾಖೆಯು 'ಭೂಸುರಕ್ಷಾ' ಎಂಬ ಹೆಸರಿನಲ್ಲಿ 2024ರಿಂದ ಹಳೆಯ ದಾಖಲೆಗಳ ಚಿತ್ರಗಳನ್ನು ಯಂತ್ರಕ್ಕೆ ಸೇರಿಸುತ್ತಿದೆ. ಗೆದ್ದಲಿನಿಂದ ಅವು ಪಾರಾದುವು, ಸಂತೋಷ. ಆದರೆ ಚಿತ್ರ ತೆಗೆದ ಮಾತ್ರಕ್ಕೆ ಬರಹ ಓದಿದಂತಾಗಲಿಲ್ಲ. ಕನ್ನಡ ಎಂ.ಎ. ತರಗತಿಯಲ್ಲಿ ನಾವು ಸಾವಿರ ವರುಷದ ಶಾಸನವನ್ನು ಓದಿಸುತ್ತೇವೆ. ಅದೇ ವಿದ್ಯಾರ್ಥಿಗೆ ತನ್ನ ಮುತ್ತಜ್ಜನ ಹೊಲದ ಚತುಸ್ಸೀಮೆಯನ್ನು ಓದಲು ಬಾರದು. ಅಣ್ಣತಮ್ಮಂದಿರ ದಾವೆಯೊಂದು ಮೋಡಿಯ ನಾಲ್ಕು ಸಾಲುಗಳ ಮೇಲೆ ನಿಂತಿದ್ದರೆ, ಯಂತ್ರ ಕೊಟ್ಟ ಅಂದವಾದ ಪ್ರತಿಯನ್ನು ಹಿಡಿದು ಮೋಡಿ ಬಲ್ಲ ಹಿರಿಯರ ಮನೆಯನ್ನು ಹುಡುಕಬೇಕು. ಅಂಥವರು ಈಗ ವಿರಳ. ಚಿತ್ರ ತೆಗೆಯಲು ಇಷ್ಟು ಹಣ ವೆಚ್ಚ ಮಾಡುವ ಸರ್ಕಾರವು, ಅವರು ಇರುವಾಗಲೇ ತಾಲ್ಲೂಕಿಗೊಬ್ಬರನ್ನಾದರೂ ಸಂಬಳಕೊಟ್ಟು ಕೂರಿಸಿ, ಪಕ್ಕದಲ್ಲಿ ಇಬ್ಬರು ಹುಡುಗರನ್ನು ಕಲಿಯಲು ಬಿಡಬಾರದೇ?