ಮಕ್ಕಳಿಗೆ ಎಣಿಕೆಯ ಪಾಠ

ರಾಜಾಜಿನಗರ, ಬಸವೇಶ್ವರನಗರಗಳ ಭಕ್ತರ ಮನೆಗಳಿಗೆ ನಾವು ಹೋದಾಗ, ನಾಲ್ಕು ವರ್ಷದ ಮಗುವನ್ನು ಮುಂದೆ ನಿಲ್ಲಿಸಿ ಒಂದರಿಂದ ನೂರರವರೆಗೆ ಇಂಗ್ಲಿಷಿನಲ್ಲಿ ಹೇಳಿಸುವುದುಂಟು. ಮಗು ಉಸಿರು ಬಿಡದೆ ಒಪ್ಪಿಸುತ್ತದೆ, ಹಿರಿಯರು ಹಿಗ್ಗುತ್ತಾರೆ. ತಟ್ಟೆಯಲ್ಲಿರುವ ಬಾಳೆಹಣ್ಣುಗಳಲ್ಲಿ ಏಳನ್ನು ಎತ್ತಿಕೊಡು ಎಂದರೆ ಅದೇ ಮಗು ಕೈಗೆ ಸಿಕ್ಕಷ್ಟನ್ನು ತಂದಿಡುತ್ತದೆ. ಇದರಲ್ಲಿ ಮಗುವಿನ ದೋಷವೇನೂ ಇಲ್ಲ. ಅದಕ್ಕೆ ನಾವು ಕಲಿಸಿದ್ದು ಒಂದು ಹಾಡು.

ಎಣಿಸುವಾಗ ಒಂದು ವಸ್ತುವಿಗೆ ಒಂದೇ ಸಂಖ್ಯೆ ಸಲ್ಲಬೇಕು. ಯಾವುದೂ ಬಿಟ್ಟುಹೋಗಬಾರದು, ಯಾವುದೂ ಎರಡು ಸಲ ಬರಬಾರದು. ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಮೊತ್ತ ಎಂಬುದನ್ನು ದೊಡ್ಡವರು ವಿಚಾರವೇ ಮಾಡುವುದಿಲ್ಲ. ಮಗುವಿಗೆ ಮಾತ್ರ ಅದು ದೊಡ್ಡ ನೆಗೆತ. ಐದು ಹುಣಿಸೆಬೀಜಗಳನ್ನು ಎಣಿಸಿ ಮುಗಿಸಿದ ಮಗುವನ್ನು ‘ಎಷ್ಟಿವೆ?’ ಎಂದು ಕೇಳಿ ನೋಡಿರಿ. ‘ಐದು’ ಎನ್ನದೆ ಮತ್ತೆ ಮೊದಲಿನಿಂದ ಎಣಿಸತೊಡಗಿದರೆ ಆ ನೆಗೆತ ಇನ್ನೂ ಆಗಿಲ್ಲವೆಂದು ತಿಳಿಯಬೇಕು. ಗದರಬಾರದು, ಅವಸರಿಸಬಾರದು. ಗೆಲ್ಮನ್ ಮತ್ತು ಗ್ಯಾಲಿಸ್ಟೆಲ್ ಎಂಬ ವಿದ್ವಾಂಸರು 1978ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ಎಣಿಕೆಯ ಮೂಲ ನಿಯಮಗಳಲ್ಲೊಂದೆಂದು ಪರಿಗಣಿಸಿದ್ದಾರೆ. (ತೀರ ಚಿಕ್ಕ ಮಕ್ಕಳ ಕೈಗೆ ಬೀಜ ಕೊಡದಿರಿ, ಬಾಯಿಗೂ ಮೂಗಿಗೂ ಹಾಕಿಕೊಳ್ಳುತ್ತವೆ. ಚಮಚಗಳಾದರೆ ಕ್ಷೇಮ.)

ಇನ್ನು ಭಾಷೆಯ ಮಾತು. ಕನ್ನಡದಲ್ಲಿ ‘ಹದಿನಾಲ್ಕು’ ಎಂದೊಡನೆ ಮೊದಲು ಹತ್ತು, ಅನಂತರ ನಾಲ್ಕು ಕಿವಿಗೆ ಬೀಳುತ್ತದೆ; 14 ಎಂದು ಬರೆಯುವ ಕ್ರಮವೂ ಅದೇ. ಇಂಗ್ಲಿಷಿನ ‘ಫೋರ್ಟೀನ್’ನಲ್ಲಿ ನಾಲ್ಕು ಮೊದಲು ಬರುವುದರಿಂದ ಕಿವಿಯನ್ನೇ ನಂಬಿದ ಮಗು 41 ಎಂದು ಬರೆದುಬಿಡುವುದುಂಟು. ‘ಥರ್ಟೀನ್’, ‘ಥರ್ಟಿ’ಗಳ ಗೊಂದಲ ಬೇರೆ. ‘ಇಲೆವೆನ್’, ‘ಟ್ವೆಲ್ವ್’ಗಳಲ್ಲಿ ಹತ್ತು ಕೇಳಿಸುವುದೇ ಇಲ್ಲ, ನಮ್ಮ ಹನ್ನೊಂದು, ಹನ್ನೆರಡುಗಳಲ್ಲಿ ಅದು ಉಳಿದಿದೆ. ಒಂಬತ್ತು, ಎಂಬತ್ತು, ತೊಂಬತ್ತುಗಳ ಪ್ರಾಸದಲ್ಲಿ ಮಕ್ಕಳು ತೊಡರುವುದು ನಿಜ, ಆದರೆ ಅದು ಕೆಲವು ದಿನಗಳ ತೊಡರು. ಶಾಲೆ ಇಂಗ್ಲಿಷ್ ಮಾಧ್ಯಮದ್ದಾದರೂ ಮನೆಯ ಎಣಿಕೆ ಕನ್ನಡದ್ದಾಗಿರಲಿ. ಇಂದು ತರಕಾರಿಯವಳು ‘ಇಪ್ಪತ್ತೇಳು ರೂಪಾಯಿ’ ಎಂದರೆ ಹತ್ತು ವರ್ಷದ ಹುಡುಗ ತಾಯಿಯ ಮುಖ ನೋಡುತ್ತಾನೆ. ಅಜ್ಜಿಯ ಲೆಕ್ಕ ಮೊಮ್ಮಗನಿಗೆ ತಿಳಿಯದ ಮನೆ ನಮಗೆ ಬಡವಾಗಿಯೇ ಕಾಣುತ್ತದೆ.

ಮನುಷ್ಯರನ್ನು ಎಣಿಸಲು ನಮ್ಮಲ್ಲಿ ಬೇರೆ ಪದಗಳೇ ಇವೆ: ಒಬ್ಬರು, ಇಬ್ಬರು, ಮೂವರು, ನಾಲ್ವರು, ಐವರು. ಊಟದ ಹೊತ್ತಿನಲ್ಲಿ ‘ಐವರಿಗೆ ಐದು ತಟ್ಟೆ ಹಾಕಮ್ಮ’ ಎಂದರೆ ಜನವೂ ತಟ್ಟೆಯೂ ತಾವಾಗಿ ಜೋಡಿಯಾಗುತ್ತವೆ.

ರಸ್ತೆಯಲ್ಲಿ ಕಾಣುವ ಅಂಕಿಗಳ ವಿಷಯದಲ್ಲಿ ಎಚ್ಚರ ಬೇಕು. ರಾಜಾಜಿನಗರದ ಆರನೇ ಬ್ಲಾಕ್ ಎಂಬುದು ಒಂದೇ ಬ್ಲಾಕು. ಬಸ್ಸಿನ ಸಂಖ್ಯೆಯಂತೂ ಬರಿಯ ಹೆಸರು. ಎಣಿಸಲು ಮೆಟ್ರೋ ರೈಲು ಹೆಚ್ಚು ಅನುಕೂಲ. ಮೈಸೂರು ರಸ್ತೆಯವರೆಗಿದ್ದ ಮಾರ್ಗ 2021ರ ಆಗಸ್ಟಿನಲ್ಲಿ ಕೆಂಗೇರಿಯವರೆಗೆ ತೆರೆಯಿತು. ವಿಜಯನಗರದಲ್ಲಿ ಹತ್ತಿ, ಅತ್ತಿಗುಪ್ಪೆಗೆ ಒಂದು, ದೀಪಾಂಜಲಿನಗರಕ್ಕೆ ಎರಡು, ಮೈಸೂರು ರಸ್ತೆಗೆ ಮೂರು ಎಂದು ಬೆರಳು ಮಡಿಸುತ್ತ ಹೋದರೆ ನಾಯಂಡಹಳ್ಳಿ, ರಾಜರಾಜೇಶ್ವರಿನಗರ, ಜ್ಞಾನಭಾರತಿ, ಪಟ್ಟಣಗೆರೆ, ಕೆಂಗೇರಿ ಬಸ್ ನಿಲ್ದಾಣಗಳನ್ನು ದಾಟಿ ಕೆಂಗೇರಿಗೆ ಒಂಬತ್ತಾಗುತ್ತದೆ. ವಿಜಯನಗರವನ್ನೂ ಸೇರಿಸಿ ಮಗು ‘ಹತ್ತು’ ಎಂದರೆ ಅದೂ ಸರಿಯೇ. ಹತ್ತಿದ ನಿಲ್ದಾಣ ಲೆಕ್ಕಕ್ಕೆ ಉಂಟೋ ಇಲ್ಲವೋ ಎಂದು ಅದರೊಡನೆ ಚರ್ಚಿಸಿರಿ. ಹಿಂದಿರುಗುವಾಗ ಒಂಬತ್ತರಿಂದ ಇಳಿಸುತ್ತ ಬರಲಿ. ಇಳಿಯಲು ಇನ್ನೆಷ್ಟು ನಿಲ್ದಾಣ ಉಳಿದವೆಂದು ಮಗುವೇ ಅಜ್ಜಿಗೆ ಹೇಳಲಿ.